ತಾತನ ವಾಚು ಮತ್ತು ನಾಲ್ಕು ನಿಮಿಷ: ಒಂದು ತಿದ್ದುಪಡಿ



ಎರಡು ವರ್ಷದ ಹಿಂದೆ ನಮ್ಮ ಕನ್ನಡ ಶಾಲೆಯ ರಾಜ್ಯೋತ್ಸವದ ದಿನ ನಾನು ವೇದಿಕೆಯ ಮೇಲೆ ಐದು ನಿಮಿಷ ಮಾತಾಡಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆಗ ನನ್ನ ತಾತ ತುಮಕೂರಿನಿಂದ ವರ್ಜೀನಿಯಾದ ನಮ್ಮ ಮನೆಗೆ ಬಂದಿದ್ದರು. ಅವರ ಕೈಯಲ್ಲಿ ಮದುವೆಗೆ ಮಾವನ ಮನೆಯವರು ಕೊಟ್ಟ ಎಚ್‌ಎಂಟಿ ಜನತಾ ವಾಚು ಇತ್ತು. ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ಇಳಿದಾಗಲೂ ಅವರು ಅದರಲ್ಲಿ ಇಂಡಿಯಾ ಟೈಮನ್ನೇ ಇಟ್ಟುಕೊಂಡಿದ್ದರು. ನಾನು ಫೋನ್ ಜೊತೆ ಹೋಲಿಸಿ ನೋಡಿದೆ. ವಾಚು ನಾಲ್ಕು ನಿಮಿಷ ಹಿಂದಿತ್ತು.

ಆ ವಾರವಷ್ಟೇ ನಾನು ಐನ್‌ಸ್ಟೈನ್ ಬಗ್ಗೆ ಓದಿದ್ದೆ. ಹಾಗಾಗಿ ವೇದಿಕೆಯ ಮೇಲೆ ಹೀಗೆ ಹೇಳಿದೆ: "ಚಲಿಸುವ ಗಡಿಯಾರ ನಿಧಾನವಾಗಿ ಓಡುತ್ತದೆ. ತಾತ ವಿಮಾನದಲ್ಲಿ ವೇಗವಾಗಿ ಬಂದರು. ಆದ್ದರಿಂದ ತಾತ ಈಗ ನಾಲ್ಕು ನಿಮಿಷ ಚಿಕ್ಕವರು." ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ತಾತ ಮುಂದಿನ ಸಾಲಿನಲ್ಲಿ ಕೂತು ವಾಚು ಕಟ್ಟಿದ ಕೈ ಎತ್ತಿ ಎಲ್ಲರಿಗೂ ತೋರಿಸಿದರು.

ನಾನು ಹೇಳಿದ್ದು ತಪ್ಪು. ಸ್ವಲ್ಪ ತಪ್ಪಲ್ಲ, ಪೂರ್ತಿ ತಪ್ಪು. ಈ ಶಾಲೆಯಿಂದ ಪದವಿ ಪಡೆದು ಹೋಗುವ ಮೊದಲು ಅದನ್ನು ತಿದ್ದಬೇಕು ಅಂತ ಈ ಪ್ರಬಂಧ ಬರೆಯುತ್ತಿದ್ದೇನೆ.

ಅವತ್ತು ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಟೀಚರ್ ಒಬ್ಬರು ನನ್ನನ್ನು ಕೇಳಿದ್ದರು: "ಚೆನ್ನಾಗಿ ಮಾತಾಡಿದೆ ಪುಟ್ಟಿ. ಒಂದೇ ಒಂದು ಸಂಶಯ. ತಾತನ ಇನ್ನೊಂದು ಕೈಯಲ್ಲಿ ಬೇರೆ ವಾಚು ಇದ್ದಿದ್ದರೆ, ಅದೂ ಸರಿಯಾಗಿ ನಾಲ್ಕೇ ನಿಮಿಷ ಹಿಂದೆ ಬೀಳ್ತಿತ್ತಾ?" ನಾನು "ಗೊತ್ತಿಲ್ಲ ಆಂಟಿ" ಅಂದು ಪುಳಿಯೋಗರೆ ತಟ್ಟೆ ಹಿಡಿದುಕೊಂಡು ಓಡಿಹೋದೆ. ಆದರೆ ಆ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು. ಗಡಿಯಾರ ಹಿಂದೆ ಬಿದ್ದರೆ ಅದು ಗಡಿಯಾರದ ತೊಂದರೆಯೋ, ಕಾಲವೇ ನಿಧಾನವಾಗಿದ್ದೋ? ಹೇಗೆ ಗೊತ್ತುಮಾಡುವುದು? ಈ ಪ್ರಶ್ನೆಗೆ ಉತ್ತರ ಹುಡುಕಿದ ಜನರಲ್ಲಿ ಹಲವರು ನಮ್ಮ ಮನೆಗಳ ಹತ್ತಿರದಲ್ಲೇ, ವಾಷಿಂಗ್ಟನ್ ಸುತ್ತಮುತ್ತ ಕೆಲಸ ಮಾಡಿದವರು ಎಂದು ಆಮೇಲೆ ತಿಳಿಯಿತು.

ಲೋಲಕದ ಕಥೆ

ಮೊದಲು ಹಳೆಯ ಕಥೆ. 1672ರಲ್ಲಿ ಜ್ಯಾಂ ರಿಶೆ ಎಂಬ ಫ್ರೆಂಚ್ ಖಗೋಳ ವಿಜ್ಞಾನಿ ಪ್ಯಾರಿಸ್‌ನಿಂದ ಹಡಗಿನಲ್ಲಿ ದಕ್ಷಿಣ ಅಮೆರಿಕದ ಕಯೆನ್ ಎಂಬ ಊರಿಗೆ ಹೋದರು. ಅದು ಭೂಮಧ್ಯರೇಖೆಯ ಹತ್ತಿರ ಇದೆ. ಪ್ಯಾರಿಸ್‌ನಲ್ಲಿ ಸರಿಯಾಗಿ ಓಡುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಅದನ್ನು ಸರಿಮಾಡಲು ಅವರು ಲೋಲಕವನ್ನು ಸುಮಾರು 3 ಮಿಲಿಮೀಟರ್ ಗಿಡ್ಡ ಮಾಡಬೇಕಾಯಿತು. ಸೆಖೆಗೆ ಲೋಹದ ಕಡ್ಡಿ ಉದ್ದವಾಗಿದ್ದರೆ? ಹಾಗೂ ಆಗಬಹುದು, ಆದರೆ ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಸೆಖೆ ಸಾಲದು. 1687ರಲ್ಲಿ ನ್ಯೂಟನ್ ಕಾರಣ ಕೊಟ್ಟರು. ಭೂಮಿ ತಿರುಗುವುದರಿಂದ ಅದರ ಮಧ್ಯಭಾಗ ಉಬ್ಬಿದೆ. ಅಲ್ಲಿ ಗುರುತ್ವದ ಸೆಳೆತ ಸ್ವಲ್ಪ ಕಡಿಮೆ. ಆದ್ದರಿಂದ ಲೋಲಕ ನಿಧಾನವಾಗಿ ತೂಗುತ್ತದೆ.

ಇಲ್ಲಿ ಕಾಲಕ್ಕೆ ಏನೂ ಆಗಲಿಲ್ಲ. ಲೋಲಕಕ್ಕೆ ಮಾತ್ರ ಆಯಿತು. ತಾತನ ವಾಚಿನಂಥ ಸ್ಪ್ರಿಂಗ್ ವಾಚನ್ನು ಕಯೆನ್‌ಗೆ ಒಯ್ದಿದ್ದರೆ ಅದಕ್ಕೆ ಈ ಎರಡೂವರೆ ನಿಮಿಷದ ವ್ಯತ್ಯಾಸ ಬರುತ್ತಿರಲಿಲ್ಲ. ಅದರ ಒಳಗಿನ ಚಕ್ರವನ್ನು ಆಡಿಸುವುದು ಸ್ಪ್ರಿಂಗ್, ಭೂಮಿಯ ಸೆಳೆತವಲ್ಲ. ಅಂದರೆ ಟೀಚರ್ ಕೇಳಿದ ಪ್ರಶ್ನೆಯೇ ಪರೀಕ್ಷೆ. ಬೇರೆ ಬೇರೆ ರೀತಿಯ ಗಡಿಯಾರಗಳು ಬೇರೆ ಬೇರೆ ಉತ್ತರ ಕೊಟ್ಟರೆ ಕಾರಣ ಗಡಿಯಾರದೊಳಗಿದೆ. ಎಲ್ಲವೂ ಒಂದೇ ಉತ್ತರ ಕೊಟ್ಟರೆ ಕಾರಣ ಇನ್ನೂ ಆಳದಲ್ಲಿದೆ.

ಐನ್‌ಸ್ಟೈನ್ 1905ರಲ್ಲಿ ತಮ್ಮ ಲೇಖನದಲ್ಲಿ ಚಲಿಸುವ ಗಡಿಯಾರದ ಬಗ್ಗೆ ಬರೆದಾಗ ಉದಾಹರಣೆಗೆ ಆರಿಸಿಕೊಂಡದ್ದು ಚಕ್ರ ಮತ್ತು ಸ್ಪ್ರಿಂಗ್ ಇರುವ ಗಡಿಯಾರವನ್ನೇ. ಲೋಲಕದ ಗಡಿಯಾರ ಲೆಕ್ಕಕ್ಕಿಲ್ಲ, ಏಕೆಂದರೆ ಅದು ಓಡಬೇಕಾದರೆ ಭೂಮಿಯೂ ಅದರ ಒಂದು ಭಾಗವಾಗಿರಬೇಕು, ಎಂದು ನಂತರದ ಮುದ್ರಣದಲ್ಲಿ ಅಡಿಟಿಪ್ಪಣಿ ಸೇರಿಸಲಾಯಿತು. ಅದನ್ನು ಓದಿದಾಗ ನನಗೆ ರಿಶೆ ನೆನಪಾದರು.

ಮುಂದೆ ಐನ್‌ಸ್ಟೈನ್ ಇನ್ನೊಂದು ಮಾತು ಸೇರಿಸಿದರು. ಎತ್ತರದಲ್ಲಿ, ಗುರುತ್ವ ಕಡಿಮೆ ಇರುವ ಕಡೆ, ಕಾಲ ಸ್ವಲ್ಪ ಬೇಗ ಓಡುತ್ತದೆ. ನಮ್ಮ ಊರಿನ ಉದಾಹರಣೆ ಇಟ್ಟುಕೊಂಡು ನಾನು ಲೆಕ್ಕ ಹಾಕಿದೆ. ಮಂಗಳೂರಿನ ಕಡಲ ತೀರದಿಂದ ಒಂದು ಲೋಲಕದ ಗಡಿಯಾರವನ್ನು ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಗೆ ಒಯ್ದರೆ ಅದು ದಿನಕ್ಕೆ 20 ಸೆಕೆಂಡಿನ ಆಸುಪಾಸು ಹಿಂದೆ ಬೀಳುತ್ತದೆ. ಅಲ್ಲಿಗೇ ಪರಮಾಣು ಗಡಿಯಾರ ಒಯ್ದರೆ ಅದು ದಿನಕ್ಕೆ ಸುಮಾರು 18 ನ್ಯಾನೊಸೆಕೆಂಡ್ ಮುಂದೆ ಹೋಗುತ್ತದೆ. ಒಂದು ನ್ಯಾನೊಸೆಕೆಂಡ್ ಅಂದರೆ ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ಒಂದೇ ಬೆಟ್ಟ, ಎರಡು ಗಡಿಯಾರ. ಒಂದು ಹಿಂದೆ, ಇನ್ನೊಂದು ಮುಂದೆ. ಮೊದಲನೆಯದು ಯಂತ್ರದ ಮೇಲಾದ ಪರಿಣಾಮ, ಎರಡನೆಯದು ಕಾಲದ್ದೇ ಪರಿಣಾಮ.

ಚಕ್ರವೇ ಇಲ್ಲದ ಗಡಿಯಾರ

ವಿಮಾನದ ಪ್ರಯೋಗಕ್ಕೆ ಮೊದಲೇ ಪ್ರಕೃತಿಯಲ್ಲಿ ಒಂದು ಗಡಿಯಾರ ಸಿಕ್ಕಿತ್ತು. ಆಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಭಾಗಕ್ಕೆ ಬಡಿದಾಗ ಮ್ಯುವಾನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಆಯಸ್ಸು ಸರಾಸರಿ 2.2 ಮೈಕ್ರೊಸೆಕೆಂಡ್ ಮಾತ್ರ. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ 660 ಮೀಟರ್ ದಾಟುವುದು ಕಷ್ಟ. ಆದರೆ ಹತ್ತಾರು ಕಿಲೋಮೀಟರ್ ಮೇಲೆ ಹುಟ್ಟಿದ ಮ್ಯುವಾನ್‌ಗಳು ನೆಲಕ್ಕೆ ಬಂದು ಮುಟ್ಟುತ್ತವೆ. ಇಂಥ ಕಣಗಳ ಆಯಸ್ಸು ವೇಗದಿಂದ ಉದ್ದವಾಗಿ ಕಾಣಬೇಕು, ಇದರಿಂದ ಐನ್‌ಸ್ಟೈನ್ ಸಿದ್ಧಾಂತವನ್ನು ನೇರವಾಗಿ ಪರೀಕ್ಷಿಸಬಹುದು ಎಂದು 1938ರಲ್ಲೇ ಬರೆದವರು ಹೋಮಿ ಭಾಭಾ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1941ರಲ್ಲಿ ಅಮೆರಿಕದಲ್ಲಿ ರೊಸ್ಸಿ ಮತ್ತು ಹಾಲ್ ಎಂಬುವರು ಅಳತೆ ಮಾಡಿ ನೋಡಿದಾಗ ಭಾಭಾ ಹೇಳಿದಂತೆಯೇ ಇತ್ತು. 1951ರಿಂದ ಬಿ. ವಿ. ಶ್ರೀಕಂಠನ್ ಅವರು ನಮ್ಮ ಕೋಲಾರದ ಚಿನ್ನದ ಗಣಿಯೊಳಗೆ ಇಳಿದು ಅಷ್ಟು ಆಳಕ್ಕೂ ಬರುವ ಮ್ಯುವಾನ್‌ಗಳನ್ನು ಎಣಿಸಿದರು.

ಮ್ಯುವಾನ್‌ಗೆ ಸ್ಪ್ರಿಂಗ್ ಇಲ್ಲ, ಎಣ್ಣೆ ಇಲ್ಲ, ಸೆಖೆಗೆ ಉದ್ದವಾಗುವ ಕಡ್ಡಿ ಇಲ್ಲ. ಯೂರೋಪಿನ ಸೆರ್ನ್ ಸಂಸ್ಥೆಯಲ್ಲಿ ಮ್ಯುವಾನ್‌ಗಳನ್ನು ಉಂಗುರದ ಆಕಾರದ ಯಂತ್ರದಲ್ಲಿ ಸುತ್ತಿಸಿದರು. ಆ ಅಳತೆ 1977ರಲ್ಲಿ ಪ್ರಕಟವಾಯಿತು. 2.2 ಮೈಕ್ರೊಸೆಕೆಂಡಿನ ಆಯಸ್ಸು 64.4 ಮೈಕ್ರೊಸೆಕೆಂಡ್ ಆಗಿತ್ತು, ಅಂದರೆ 29 ಪಟ್ಟಿಗೂ ಹೆಚ್ಚು. ಸುತ್ತುವಾಗ ಆ ಕಣಗಳ ಮೇಲೆ ಬೀಳುವ ಎಳೆತವನ್ನು ಯಾವ ವಾಚೂ ತಡೆದುಕೊಳ್ಳಲಾರದು. ಹಾಗಿದ್ದರೂ ಆಯಸ್ಸು ಎಷ್ಟು ಉದ್ದವಾಯಿತು ಎಂಬುದನ್ನು ತೀರ್ಮಾನಿಸಿದ್ದು ವೇಗ ಮಾತ್ರ.

ಆದರೂ ಜನರಿಗೆ ಕಣ ಬೇರೆ, ಗಡಿಯಾರ ಬೇರೆ. ಮನುಷ್ಯ ಮಾಡಿದ ಗಡಿಯಾರವನ್ನೇ ಒಯ್ದು ವಾಪಸ್ ತಂದು ತೋರಿಸಬೇಕಿತ್ತು.

ವಿಮಾನ ಹತ್ತಿದ ಗಡಿಯಾರಗಳು

ವಾಷಿಂಗ್ಟನ್‌ನ ಮ್ಯಾಸಚೂಸೆಟ್ಸ್ ಅವೆನ್ಯೂದಲ್ಲಿ ಉಪಾಧ್ಯಕ್ಷರ ಮನೆ ಇರುವ ಆವರಣ ನಿಮಗೆಲ್ಲ ಗೊತ್ತು. ಅದೇ ಆವರಣದಲ್ಲಿ ಅಮೆರಿಕದ ನೌಕಾ ವೀಕ್ಷಣಾಲಯ ಇದೆ. ಈ ದೇಶಕ್ಕೆ ಸರಿಯಾದ ಸಮಯ ಹೇಳುವ ಸಂಸ್ಥೆಗಳಲ್ಲಿ ಅದೂ ಒಂದು. ಅಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಕೀಟಿಂಗ್ ಮತ್ತು ಸೇಂಟ್ ಲೂಯಿಸ್‌ನ ಪ್ರಾಧ್ಯಾಪಕ ಜೋಸೆಫ್ ಹಾಫೆಲೆ 1971ರಲ್ಲಿ ನಾಲ್ಕು ಸೀಸಿಯಂ ಗಡಿಯಾರಗಳನ್ನು ಮಾಮೂಲಿ ಪ್ರಯಾಣಿಕರ ವಿಮಾನಗಳಲ್ಲಿ ಭೂಮಿಯ ಸುತ್ತ ಒಯ್ದರು. ಸೀಸಿಯಂ ಪರಮಾಣುವಿನ 9,192,631,770 ಕಂಪನಗಳು ಒಂದು ಸೆಕೆಂಡ್ ಎಂದು 1967ರಲ್ಲಿ ಜಗತ್ತು ಒಪ್ಪಿಕೊಂಡಿತ್ತು. ಈ ಪ್ರಯೋಗಕ್ಕೆ ಆದ ಖರ್ಚು ಸುಮಾರು 8,000 ಡಾಲರ್. ಅದರಲ್ಲಿ 7,600 ಡಾಲರ್ ವಿಮಾನದ ಟಿಕೆಟ್‌ಗೇ ಹೋಯಿತು. ಗಡಿಯಾರಗಳಿಗೂ ಸೀಟು ಬೇಕಲ್ಲ. ಟಿಕೆಟ್ ಮೇಲಿದ್ದ ಹೆಸರು ಮಿಸ್ಟರ್ ಕ್ಲಾಕ್.

ಅಕ್ಟೋಬರ್ 4ರಿಂದ 7ರವರೆಗೆ ಪೂರ್ವ ದಿಕ್ಕಿನಲ್ಲಿ ಒಂದು ಸುತ್ತು. ಅಕ್ಟೋಬರ್ 13ರಿಂದ 17ರವರೆಗೆ ಪಶ್ಚಿಮ ದಿಕ್ಕಿನಲ್ಲಿ ಇನ್ನೊಂದು ಸುತ್ತು. ಎರಡು ಸುತ್ತು ಯಾಕೆ? ಭೂಮಿ ಪೂರ್ವಕ್ಕೆ ತಿರುಗುತ್ತಿದೆ. ಪೂರ್ವಕ್ಕೆ ಹಾರುವ ವಿಮಾನದ ವೇಗ ಅದಕ್ಕೆ ಸೇರುತ್ತದೆ, ಆದ್ದರಿಂದ ಗಡಿಯಾರ ನಿಧಾನ. ಪಶ್ಚಿಮಕ್ಕೆ ಹಾರಿದರೆ ವೇಗ ಕಳೆಯುತ್ತದೆ, ನೆಲದ ಮೇಲಿನ ಗಡಿಯಾರವೇ ಹೆಚ್ಚು ವೇಗದಲ್ಲಿರುತ್ತದೆ. ಇದರ ಜೊತೆ ಎತ್ತರದಿಂದ ಎರಡೂ ಸುತ್ತಿನಲ್ಲಿ ಗಡಿಯಾರ ಮುಂದೆ ಹೋಗುತ್ತದೆ. ಎಲ್ಲ ಸೇರಿಸಿದರೆ ಪೂರ್ವದ ಸುತ್ತಿನಲ್ಲಿ 40 ನ್ಯಾನೊಸೆಕೆಂಡ್ ಹಿಂದೆ, ಪಶ್ಚಿಮದ ಸುತ್ತಿನಲ್ಲಿ 275 ನ್ಯಾನೊಸೆಕೆಂಡ್ ಮುಂದೆ ಎಂಬುದು ಸಿದ್ಧಾಂತದ ಲೆಕ್ಕ. ಎರಡರಲ್ಲೂ ಸುಮಾರು 20 ನ್ಯಾನೊಸೆಕೆಂಡ್ ಆಚೀಚೆ ಆಗಬಹುದಿತ್ತು.

ವಾಷಿಂಗ್ಟನ್‌ನಲ್ಲಿ ಉಳಿದ ಗಡಿಯಾರಗಳ ಜೊತೆ ಹೋಲಿಸಿದಾಗ ಪೂರ್ವಕ್ಕೆ ಹೋದ ನಾಲ್ಕೂ ಹಿಂದೆ ಬಿದ್ದಿದ್ದವು: 57, 74, 55 ಮತ್ತು 51 ನ್ಯಾನೊಸೆಕೆಂಡ್. ಪಶ್ಚಿಮಕ್ಕೆ ಹೋದಾಗ ಅದೇ ನಾಲ್ಕೂ ಮುಂದಿದ್ದವು: 277, 284, 266 ಮತ್ತು 266. ಸರಾಸರಿ 59 ಹಿಂದೆ, 273 ಮುಂದೆ.

ಈ ಅಂಕಿಗಳನ್ನು ನಾನು ತುಂಬಾ ಹೊತ್ತು ನೋಡಿದೆ. ವಿಮಾನದ ಕುಲುಕಾಟ, ಸೆಖೆ, ಚಳಿ ಇವುಗಳಿಂದ ಗಡಿಯಾರ ತಪ್ಪಾಗಿದ್ದರೆ ಒಂದು ಹಿಂದೆ, ಇನ್ನೊಂದು ಮುಂದೆ, ಮತ್ತೊಂದು ಸರಿ ಇರಬೇಕಿತ್ತು. ಪೂರ್ವಕ್ಕೂ ಪಶ್ಚಿಮಕ್ಕೂ ಕುಲುಕಾಟ ಒಂದೇ. ಕುಲುಕಾಟಕ್ಕೆ ದಿಕ್ಕು ಗೊತ್ತಾಗುವುದಿಲ್ಲ.

ಒಪ್ಪದವರು

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ, ಮತ್ತು ನನಗೆ ಈ ಭಾಗವೇ ಹೆಚ್ಚು ಇಷ್ಟ. ಸೀಸಿಯಂ ಗಡಿಯಾರಗಳೂ ಯಂತ್ರಗಳೇ. ಪ್ರಯಾಣದಲ್ಲಿ ಅವುಗಳ ಓಟ ಸ್ವಲ್ಪ ಬದಲಾಗುತ್ತಿತ್ತು. ಹಾಫೆಲೆ ಮತ್ತು ಕೀಟಿಂಗ್ ನಾಲ್ಕನ್ನೂ ಒಂದರ ಜೊತೆ ಒಂದನ್ನು ಹೋಲಿಸಿ, ಯಾವುದು ಯಾವಾಗ ಬದಲಾಯಿತು ಎಂದು ಗುರುತಿಸಿ ಲೆಕ್ಕ ಸರಿಮಾಡಿದ್ದರು. ಇದನ್ನು ಒಪ್ಪದವರಲ್ಲಿ ಲೂಯಿ ಎಸೆನ್ ಕೂಡ ಒಬ್ಬರು. 1955ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸಕ್ಕೆ ಬರುವ ಮೊದಲ ಸೀಸಿಯಂ ಗಡಿಯಾರವನ್ನು ಕಟ್ಟಿದವರೇ ಅವರು. ಗಡಿಯಾರ ಮಾಡಿದವರೇ "ಇಷ್ಟು ಸೂಕ್ಷ್ಮ ಅಳತೆಗೆ ಈ ಗಡಿಯಾರ ಸಾಲದು" ಅನ್ನುವ ಅರ್ಥದಲ್ಲಿ ವಾದಿಸಿದರು. ಸಿದ್ಧಾಂತದ ವಿಷಯದಲ್ಲಿ ಎಸೆನ್ ತಪ್ಪು, ಆದರೆ ಅವರು ಎತ್ತಿದ ಪ್ರಶ್ನೆ ಸರಿ. ಅದು ನಮ್ಮ ಟೀಚರ್ ಕೇಳಿದ ಪ್ರಶ್ನೆಯ ಹಾಗೇ ಇತ್ತು.

ಅದಕ್ಕೆ ಉತ್ತರ ಕೊಟ್ಟವರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕ್ಯಾರೊಲ್ ಆಲಿ. 1975ರಿಂದ 1976ರ ಆರಂಭದವರೆಗೆ ಅವರ ತಂಡ ನೌಕಾಪಡೆಯ ವಿಮಾನದಲ್ಲಿ ಗಡಿಯಾರಗಳನ್ನಿಟ್ಟು ನಮ್ಮ ಚೆಸಪೀಕ್ ಕೊಲ್ಲಿಯ ಮೇಲೆ ಸುತ್ತು ಹೊಡೆಯಿತು. ಒಟ್ಟು ಐದು ಹಾರಾಟ, ಒಂದೊಂದೂ 15 ಗಂಟೆ. ಕುಲುಕಾಟ ತಗುಲದ ಹಾಗೆ, ಸೆಖೆ ಚಳಿ ಬದಲಾಗದ ಹಾಗೆ, ಅಯಸ್ಕಾಂತದ ಪ್ರಭಾವ ಬರದ ಹಾಗೆ ಗಡಿಯಾರಗಳನ್ನು ವಿಶೇಷ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಹಾರುವ ಮೊದಲು ಮತ್ತು ಇಳಿದ ಮೇಲೆ ನೆಲದ ಗಡಿಯಾರಗಳ ಪಕ್ಕದಲ್ಲಿಟ್ಟು ಅವುಗಳ ಓಟವನ್ನು ಗಮನಿಸಿದರು. ಹಾರುತ್ತಿರುವಾಗಲೇ ನೆಲದಿಂದ ಲೇಸರ್ ಬೆಳಕಿನ ಮಿಂಚು ಕಳಿಸಿ ಸಮಯ ಹೋಲಿಸಿದರು. ವಿಮಾನ ಏರುವಾಗಲೋ ಇಳಿಯುವಾಗಲೋ ವ್ಯತ್ಯಾಸ ಥಟ್ಟನೆ ಬರಲಿಲ್ಲ. ಗಂಟೆಗೆ ಇಷ್ಟು ಅಂತ ನಿಧಾನವಾಗಿ ಬೆಳೆಯಿತು. ಎತ್ತರದಿಂದ ಸುಮಾರು 53 ನ್ಯಾನೊಸೆಕೆಂಡ್ ಮುಂದೆ, ವೇಗದಿಂದ ಸುಮಾರು 6 ಹಿಂದೆ, ಒಟ್ಟು 47 ಮುಂದೆ. ಲೆಕ್ಕಕ್ಕೂ ಅಳತೆಗೂ ಇದ್ದ ವ್ಯತ್ಯಾಸ ನೂರಕ್ಕೆ ಎರಡು ಪಾಲಿಗಿಂತ ಕಡಿಮೆ.

ಕೊನೆಯ ಅನುಮಾನವೂ ನಮ್ಮ ಊರಿನಲ್ಲೇ ತೀರಿತು. ಪೊಟೋಮ್ಯಾಕ್ ನದಿಯ ದಂಡೆಯಲ್ಲಿರುವ ನೌಕಾ ಸಂಶೋಧನಾ ಪ್ರಯೋಗಾಲಯದವರು ಎನ್‌ಟಿಎಸ್-2 ಎಂಬ ಉಪಗ್ರಹ ಮಾಡಿದ್ದರು. ಇಂದಿನ ಜಿಪಿಎಸ್‌ಗೆ ಅದು ಅಣ್ಣನ ಹಾಗೆ. ಅದು 1977ರ ಜೂನ್ 23ರಂದು ಆಕಾಶಕ್ಕೆ ಹೋಯಿತು. ಅದರ ಸೀಸಿಯಂ ಗಡಿಯಾರ ದಿನಕ್ಕೆ ಸುಮಾರು 38.6 ಮೈಕ್ರೊಸೆಕೆಂಡ್ ಮುಂದೆ ಓಡಬೇಕು ಎಂದು ಸಿದ್ಧಾಂತ ಹೇಳಿತ್ತು. ಅದನ್ನು ಸರಿಮಾಡುವ ಉಪಕರಣ ಉಪಗ್ರಹದಲ್ಲೇ ಇತ್ತು. ಆದರೆ ಮೊದಲ 20 ದಿನ ಅದನ್ನು ಚಾಲೂ ಮಾಡದೆ ಗಡಿಯಾರವನ್ನು ಅದರ ಪಾಡಿಗೆ ಬಿಟ್ಟು ನೋಡಿದರು. ದಿನಕ್ಕೆ 38.2 ಮೈಕ್ರೊಸೆಕೆಂಡ್ ಮುಂದೆ ಬಂತು. ಆಮೇಲೆ ಉಪಕರಣ ಚಾಲೂ ಮಾಡಿದರು. ಈ ತಿದ್ದುಪಡಿ ಇಲ್ಲದಿದ್ದರೆ ದಿನಕ್ಕೆ ಸುಮಾರು 11 ಕಿಲೋಮೀಟರ್‌ನಷ್ಟು ತಪ್ಪು ಸೇರುತ್ತಾ ಹೋಗುತ್ತದೆ. ಭಾನುವಾರ ಬೆಳಿಗ್ಗೆ ಅಪ್ಪ ಅಮ್ಮ ನಮ್ಮನ್ನು ಕನ್ನಡ ಶಾಲೆಗೆ ಕರೆತರುವಾಗ ಫೋನ್ ತೋರಿಸುವ ದಾರಿಯಲ್ಲಿ ಈ ಲೆಕ್ಕ ಸೇರಿದೆ.

ಹಾಗಂತ ಗಡಿಯಾರಗಳ ಸಾಮಾನ್ಯ ತೊಂದರೆಗಳು ಹೋಗಲಿಲ್ಲ. ಭಾರತದ ನಾವಿಕ್ ವ್ಯವಸ್ಥೆಯ ಸಮಯವನ್ನು ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. 2013ರಲ್ಲಿ ಹಾರಿಸಿದ ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಲವೇ ವರ್ಷಗಳಲ್ಲಿ ಕೆಟ್ಟುಹೋದವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶದಲ್ಲೇ ಮಾಡಿದ ಗಡಿಯಾರ ಇತ್ತು. ಐನ್‌ಸ್ಟೈನ್ ಹೇಳಿದ ವ್ಯತ್ಯಾಸವನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬಹುದು. ಗಡಿಯಾರ ಯಾವಾಗ ಕೆಡುತ್ತದೆ ಎಂದು ಲೆಕ್ಕ ಹಾಕುವುದು ಕಷ್ಟ.

ತಾತನ ವಾಚಿಗೆ ಏನಾಗಿತ್ತು?

ಈಗ ನನ್ನ ತಪ್ಪಿಗೆ ಬರುತ್ತೇನೆ. ತಾತ ಬೆಂಗಳೂರಿನಿಂದ ಯೂರೋಪಿನ ಮೇಲೆ ಪಶ್ಚಿಮಕ್ಕೆ ಹಾರಿ ಬಂದರು. ವಿಮಾನದಲ್ಲಿದ್ದದ್ದು ಸುಮಾರು 20 ಗಂಟೆ. ಹಾಫೆಲೆ ಮತ್ತು ಕೀಟಿಂಗ್ ಮಾಡಿದ ಹಾಗೆ ಎತ್ತರ ಮತ್ತು ವೇಗ ಹಾಕಿ ನಾನು ಲೆಕ್ಕ ಮಾಡಿದೆ. ತಾತನ ವಾಚು ಸುಮಾರು 100 ನ್ಯಾನೊಸೆಕೆಂಡ್ ಮುಂದೆ ಹೋಗಬೇಕಿತ್ತು. ಹಿಂದೆ ಅಲ್ಲ, ಮುಂದೆ. ನಾಲ್ಕು ನಿಮಿಷ ಅದಕ್ಕಿಂತ ಇನ್ನೂರು ಕೋಟಿ ಪಟ್ಟಿಗೂ ಹೆಚ್ಚು. ದಿಕ್ಕೂ ತಪ್ಪು, ಅಳತೆಯೂ ತಪ್ಪು. ತಾತ ಚಿಕ್ಕವರಾಗಿರಲಿಲ್ಲ. ನಾನೇ ಅವರನ್ನು ಒಂದು ಚೂರು ಹೆಚ್ಚು ವಯಸ್ಸಾದವರು ಅನ್ನಬೇಕಿತ್ತು.

ಹಾಗಾದರೆ ನಾಲ್ಕು ನಿಮಿಷ ಎಲ್ಲಿಂದ ಬಂತು? ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದರು. ಜನತಾ ಕೀಲಿ ಕೊಡುವ ವಾಚು. ಅದು ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತದೆ. 720 ಟಿಕ್‌ಗೆ ಒಂದು ಟಿಕ್ ತಪ್ಪಿದರೆ ಸಾಕು, ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ.

ಈ ಪ್ರಬಂಧಕ್ಕಾಗಿ ಹೋದ ತಿಂಗಳು ತಾತನಿಗೆ ಫೋನ್ ಮಾಡಿದೆ. ನಾನು ಹೇಳಿದ್ದು ತಪ್ಪು ಎಂದು ಎಲ್ಲ ಲೆಕ್ಕ ವಿವರಿಸಿದೆ. ತಾತ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಆ ವಾಚಿಗೆ ಎಣ್ಣೆ ಹಾಕಿಸಿ ಮೂವತ್ತು ವರ್ಷ ಆಯ್ತು ಕಣೇ. ದಿನಾ ಎರಡು ನಿಮಿಷ ಹಿಂದೆ ಬೀಳುತ್ತೆ. ಬೆಳಿಗ್ಗೆ ರೇಡಿಯೋ ವಾರ್ತೆ ಹೊತ್ತಿಗೆ ಕೀಲಿ ಕೊಟ್ಟು ಸರಿಮಾಡ್ಕೋತೀನಿ. ಅವತ್ತು ಎರಡು ದಿನ ಪ್ರಯಾಣದಲ್ಲಿ ಕೀಲಿ ಕೊಟ್ಟೆ, ಟೈಮ್ ಮಾತ್ರ ಸರಿಮಾಡ್ಕೊಳ್ಳಲಿಲ್ಲ. ಮನೆಯಲ್ಲಿ ಅದು ಹೇಗೆ ಓಡ್ತಿತ್ತು ಅಂತ ನೀನು ಕೇಳ್ಲೇ ಇಲ್ವಲ್ಲ."

ಎರಡು ದಿನ, ದಿನಕ್ಕೆ ಎರಡು ನಿಮಿಷ. ಕೀಟಿಂಗ್, ಆಲಿ ಇಬ್ಬರೂ ಮೊದಲು ಮಾಡಿದ ಕೆಲಸವೇ ಅದು: ಹೊರಡುವ ಮೊದಲು ಗಡಿಯಾರ ಹೇಗೆ ಓಡುತ್ತಿದೆ ಎಂದು ನೋಡುವುದು. ನಾನು ಆ ಒಂದು ಪ್ರಶ್ನೆ ಕೇಳದೆ ನೇರವಾಗಿ ಐನ್‌ಸ್ಟೈನ್ ಹತ್ತಿರ ಹೋಗಿದ್ದೆ.

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ತಾತ? ಅಷ್ಟು ಜನರ ಮುಂದೆ ವಾಚು ಬೇರೆ ತೋರಿಸಿದ್ರಿ!" ಅಂತ ಕೇಳಿದೆ. ನನಗೆ ನಿಜವಾಗಿ ಸ್ವಲ್ಪ ಕೋಪ ಬಂದಿತ್ತು. ತಾತ ನಕ್ಕರು. "ನೀನು ಅಮೆರಿಕದಲ್ಲಿ ಹುಟ್ಟಿದ ಹುಡುಗಿ, ಐದು ನಿಮಿಷ ಒಂದೂ ಇಂಗ್ಲಿಷ್ ಪದ ಇಲ್ಲದೆ ಮಾತಾಡ್ತಿದ್ದೆ. ನಾನು ಅದನ್ನ ಕೇಳ್ತಾ ಕೂತಿದ್ದೆ. ವಾಚಿನ ಕಡೆ ಗಮನ ಎಲ್ಲಿತ್ತು?"

ನಾನು ಅವರಿಗೆ ಹೇಳಿದೆ: ಮುಂದಿನ ಸಲ ಕನ್ನಡ ಸರಿಯಿದ್ದರೂ ವಿಷಯ ತಪ್ಪಿದ್ದರೆ ಅಲ್ಲೇ ಹೇಳಬೇಕು. ತಾತ ಒಪ್ಪಿಕೊಂಡರು. ಈ ಪುಸ್ತಕದ ಒಂದು ಪ್ರತಿ ತುಮಕೂರಿಗೆ ಕಳಿಸಬೇಕು ಎಂದೂ ಹೇಳಿದರು.

ಊಟದ ಸಾಲಿನಲ್ಲಿ ನಿಂತು ಪ್ರಶ್ನೆ ಕೇಳಿದ ಟೀಚರ್‌ಗೆ ವಿಶೇಷ ಧನ್ಯವಾದ. ಆಂಟಿ, ನಿಮ್ಮ ಪ್ರಶ್ನೆಗೆ ಉತ್ತರ: ಇಲ್ಲ, ಇನ್ನೊಂದು ಕೈಯ ವಾಚು ನಾಲ್ಕು ನಿಮಿಷ ಹಿಂದೆ ಬೀಳುತ್ತಿರಲಿಲ್ಲ. ಎರಡು ವರ್ಷ ತಡವಾಗಿ ಹೇಳುತ್ತಿದ್ದೇನೆ, ಕ್ಷಮಿಸಿ.